62 ಸ್ಲೈಡು ಮಾಡಿದೆ, ಕಾದಂಬರಿ ಯಾರೂ ಓದಲಿಲ್ಲ

ನೀಲಿಶಾಯಿ:
ಎಲ್ಲರಿಗೂ ನಮಸ್ಕಾರ. ಹದಿನಾರರಿಂದ ಹದಿನೆಂಟು ವಯಸ್ಸಿನವರಿಗೆ ಇಂಗ್ಲಿಷ್ ಸಾಹಿತ್ಯ ಕಲಿಸುತ್ತೇನೆ. ಈ ಸಲ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಇತ್ತು. 59 ಅಧ್ಯಾಯ. ದಪ್ಪ ಪುಸ್ತಕ ನೋಡಿ ಮಕ್ಕಳು ಹೆದರಬಾರದು ಅಂತ ರಜೆಯಲ್ಲಿ ಕೂತು 62 ಸ್ಲೈಡು ಮಾಡಿದೆ. ಅಧ್ಯಾಯವಾರು ಸಾರಾಂಶ, ಪಾತ್ರಚಿತ್ರಣ, ಸಂಕೇತಗಳು, ಪರೀಕ್ಷೆಗೆ ಬರಬಹುದಾದ ಉದ್ಧರಣೆಗಳು, ಎಲ್ಲಾ. ಬಣ್ಣಬಣ್ಣದ ಬಾಣಗಳೂ ಇದ್ದವು.

ಪ್ರಬಂಧ ತಿದ್ದಲು ಕೂತಾಗ ಬಣ್ಣ ಬಯಲಾಯಿತು. 31 ಪತ್ರಿಕೆಗಳಲ್ಲಿ 27ರ ಮೊದಲ ವಾಕ್ಯ ಒಂದೇ, ಅದೂ ನನ್ನದೇ ವಾಕ್ಯ. 14ನೇ ಸ್ಲೈಡಿನಲ್ಲಿ ಅವಸರಕ್ಕೆ ಮಿಸ್ ಹ್ಯಾವಿಶ್ಯಾಮ್ ಅನ್ನುವ ಪಾತ್ರದ ಹೆಸರಿನ ಒಂದಕ್ಷರ ನುಂಗಿಬಿಟ್ಟಿದ್ದೆ. ಆ ತಪ್ಪೂ ಅಷ್ಟೇ ನಿಷ್ಠೆಯಿಂದ 27 ಕಡೆ ಬಂದಿತ್ತು. ಪುಸ್ತಕ ತೆರೆದಿದ್ದರೆ ಸರಿಯಾದ ಹೆಸರು ಎಲ್ಲೆಲ್ಲೂ ಕಣ್ಣಿಗೆ ಬೀಳುತ್ತಿತ್ತಲ್ಲ!

ಮುಂದಿನ ತಿಂಗಳು ಕವಿತೆಗಳ ಘಟಕ ಶುರು. ಮತ್ತೆ ಹೀಗೆಯೇ ಆಗಬಾರದು. ದೊಡ್ಡ ಮಕ್ಕಳಿಗೆ ನೀವೆಲ್ಲ ಏನು ಸಾಮಗ್ರಿ ಮಾಡುತ್ತೀರಿ? ಹೇಗೆ ಮಾಡುತ್ತೀರಿ? ಬೈದರೂ ಪರವಾಗಿಲ್ಲ.

ಅಂಚುಪಟ್ಟಿ:
ಮೇಡಂ (ಸರ್ ಆಗಿದ್ದರೆ ಕ್ಷಮಿಸಿ), ಬೈಯುವಂಥದ್ದೇನಿಲ್ಲ. ಓದುವ ಕೆಲಸವನ್ನೆಲ್ಲ ರಜೆಯಲ್ಲಿ ನೀವೊಬ್ಬರೇ ಮುಗಿಸಿಬಿಟ್ಟಿರಿ, ಮಕ್ಕಳಿಗೆ ನಕಲು ಮಾಡುವುದಷ್ಟೇ ಉಳಿಯಿತು. ನಾನೂ ಹತ್ತು ವರ್ಷ ಅದೇ ಮಾಡಿದವನು.

ಕವಿತೆಯ ಘಟಕ ಅಂದಿರಲ್ಲ, ನನ್ನ ಒಂದು ಹಾಳೆಯ ವಿಷಯ ಹೇಳುತ್ತೇನೆ. ವಿಲಿಯಂ ಬ್ಲೇಕ್‌ನ ‘ಲಂಡನ್’. 1794ರದ್ದು, ಬರೀ 16 ಸಾಲು. ಮೊದಲ ಎರಡು ಸಾಲಿನಲ್ಲಿ ಒಂದೇ ಗುಣವಾಚಕ ಎರಡು ಸಲ ಬರುತ್ತದೆ, ಒಮ್ಮೆ ಬೀದಿಗೆ, ಒಮ್ಮೆ ಥೇಮ್ಸ್ ನದಿಗೆ. ಆ ಎರಡೂ ಜಾಗ ಖಾಲಿ ಬಿಡುತ್ತೇನೆ. ಕೆಳಗೆ ಒಂದೇ ಸೂಚನೆ: ಎರಡೂ ಕಡೆ ಒಂದೇ ಪದ, ಎರಡು ಉಚ್ಚಾರಾಂಶ, ಬೀದಿಗೂ ಒಪ್ಪಬೇಕು ನದಿಗೂ ಒಪ್ಪಬೇಕು. ಮಕ್ಕಳು ‘ಕ್ರೌಡೆಡ್’ ಅಂತ ಬರೆಯುತ್ತಾರೆ, ನದಿಗೆ ಒಪ್ಪಲ್ಲ ಅಂತ ತಾವೇ ಹೊಡೆದುಹಾಕುತ್ತಾರೆ. ‘ಲೋನ್ಲಿ’ ಬರುತ್ತದೆ. ಪ್ರತಿ ತರಗತಿಯಲ್ಲೂ ಯಾರಾದರೊಬ್ಬರು ‘ಡರ್ಟಿ’ ಬರೆದೇ ಬರೆಯುತ್ತಾರೆ.

ಆಮೇಲೆ ಹೇಳುತ್ತೇನೆ: ಬ್ಲೇಕ್‌ನ ಟಿಪ್ಪಣಿ ಪುಸ್ತಕ ಉಳಿದುಬಂದಿದೆ, ಅದರಲ್ಲಿ ಅವನೂ ಮೊದಲು ಬರೆದದ್ದು ‘ಡರ್ಟಿ’ ಅಂತಲೇ. ‘ಡರ್ಟಿ’ ಬರೆದವರ ಮುಖ ಆಗ ನೋಡಬೇಕು. ಅದನ್ನು ಹೊಡೆದು ಅವನು ಹಾಕಿದ್ದು ‘ಚಾರ್ಟರ್ಡ್’. ಚಾರ್ಟರ್ ಅಂದರೆ ಊರಿಗೋ ಕಂಪನಿಗೋ ಹಕ್ಕು ಬರೆದುಕೊಟ್ಟ ರಾಜಪತ್ರ. ಬಾಡಿಗೆಗೆ ಹಿಡಿಯುವುದಕ್ಕೂ ಅದೇ ಮಾತು. ಸರಿ, ಬೀದಿಗೆ ಒಡೆಯರಿರಬಹುದು. ಹರಿಯುವ ನೀರನ್ನು ಯಾರ ಹೆಸರಿಗೆ ಬರೆದುಕೊಡುತ್ತೀರಿ? ‘ಡರ್ಟಿ’ ಯಾಕೆ ಸಾಲಲಿಲ್ಲ? ಇಷ್ಟು ಕೇಳಿ ನಾನು ಸುಮ್ಮನೆ ನಿಲ್ಲುತ್ತೇನೆ, ನಲವತ್ತು ನಿಮಿಷ ಹೋದದ್ದು ಗೊತ್ತಾಗುವುದಿಲ್ಲ.

ಆ ಹಾಳೆಯಲ್ಲಿ ನನ್ನ ಸ್ವಂತ ಮಾತು ಮೂರು ಸಾಲಿದೆ. ಉಳಿದದ್ದು ಕವಿತೆ ಮತ್ತು ಖಾಲಿ ಅಂಚು. ಸಾಲುಗಳ ನಡುವೆ ದುಪ್ಪಟ್ಟು ಜಾಗ, ಬಲಗಡೆ ಪುಟದ ಮೂರನೇ ಒಂದು ಭಾಗ ಖಾಲಿ, ಐದು ಸಾಲಿಗೊಮ್ಮೆ ಸಾಲಿನ ಸಂಖ್ಯೆ. ಸಂಖ್ಯೆ ಹಾಕದಿದ್ದರೆ ಅರ್ಧ ಪೀರಿಯಡ್ಡು ‘ಯಾವ ಸಾಲು ಸರ್, ಯಾವ ಸಾಲು’ ಅನ್ನುವುದರಲ್ಲೇ ಮುಗಿಯುತ್ತದೆ.

ಕೊನೆಯ ಘಂಟೆ:
ಕೇಳಲು ಚೆನ್ನಾಗಿದೆ. ಆದರೆ ಅಂಚುಪಟ್ಟಿ ಸರ್, ನಿಮ್ಮ ತರಗತಿಯಲ್ಲಿ ಓದಲು ಬರುವ ಮಕ್ಕಳಿದ್ದಾರೆ ಅಂತ ಕಾಣುತ್ತೆ. ನನ್ನಲ್ಲಿ ಅರ್ಧ ಜನಕ್ಕೆ ಇಂಗ್ಲಿಷ್ ಎರಡನೆಯದಲ್ಲ, ಮೂರನೇ ಭಾಷೆ. ಒಂದು ಪುಟ ಓದಲು ಇಪ್ಪತ್ತು ನಿಮಿಷ ಬೇಕು. ಐದು ತಿಂಗಳಲ್ಲಿ ಒಂದು ನಾಟಕ, ಒಂದು ಕಾದಂಬರಿ, ಹದಿನೈದು ಕವಿತೆ ಮುಗಿಸಬೇಕು. ಆ ಮಗುವಿಗೆ ಖಾಲಿ ಅಂಚು ಕೊಟ್ಟರೆ ಅದು ಖಾಲಿಯಾಗಿಯೇ ವಾಪಸ್ ಬರುತ್ತದೆ. ನೋಟ್ಸ್ ಕೊಡುವುದನ್ನು ಪಾಪ ಅಂತ ಎಲ್ಲರೂ ಮಾತಾಡ್ತಾರೆ, ಆ ನೋಟ್ಸ್ ಹಿಡಿದುಕೊಂಡು ಪಾಸಾದವರ ಲೆಕ್ಕ ಯಾರೂ ಹೇಳಲ್ಲ. ನಾನು ಸಾರಾಂಶ ಕೊಡ್ತೀನಿ, ಮುಂದೆಯೂ ಕೊಡ್ತೀನಿ.

ಮೊಳೆ ಸುತ್ತಿಗೆ:
ಕೊನೆಯ ಘಂಟೆ ಮೇಡಂ ಹೇಳಿದ್ದರಲ್ಲಿ ಹುರುಳಿದೆ. ನನ್ನದೊಂದು ಒಪ್ಪಂದ. ಕಥೆಯ ಸಾರಾಂಶವನ್ನು ಓದುವ ಮೊದಲೇ ಕೊಟ್ಟುಬಿಡಿ, ಬೇಕಿದ್ದರೆ ಅವರ ಭಾಷೆಯಲ್ಲೇ ಕೊಡಿ. ಏನಾಯಿತು ಅನ್ನೋದು ಗುಟ್ಟಲ್ಲ. ಆದರೆ ಅದರ ಅರ್ಥವೇನು, ಪಾತ್ರ ಒಳ್ಳೆಯದೋ ಕೆಟ್ಟದ್ದೋ ಅನ್ನೋ ತೀರ್ಪು ಹಾಳೆಯಲ್ಲಿ ಇರಬಾರದು. ಸಾರಾಂಶ ಕೈಯಲ್ಲಿದ್ದ ಮಗುವಿಗೆ ‘ಏನು ನಡೀತಿದೆ’ ಅನ್ನೋ ಗಾಬರಿ ಹೋಗುತ್ತೆ, ಆಮೇಲೆ ಒಂದೇ ಪುಟವನ್ನು ನಿಧಾನವಾಗಿ ಓದಿಸಬಹುದು. ಇಡೀ ಕಾದಂಬರಿಯಲ್ಲಿ ಹಾಗೆ ಓದಿಸಲು ಎಂಟು ಪುಟ ಆರಿಸಿಕೊಂಡರೆ ಧಾರಾಳವಾಯಿತು.

ಪದಾರ್ಥಕ್ಕೂ ಇದೇ. ಕಷ್ಟದ ಪದಕ್ಕೆಲ್ಲ ಅರ್ಥ ಬರೆದರೆ ಮಗು ಕವಿತೆ ಬಿಟ್ಟು ಪಟ್ಟಿ ಓದುತ್ತೆ. ನಾನು ಮುಖ್ಯವಾಗಿ ಅರ್ಥ ಕೊಡೋದು ಮೋಸ ಮಾಡುವ ಪದಗಳಿಗೆ. ‘ವೇರ್‌ಫೋರ್’ ನೋಡಿದರೆ ಎಲ್ಲರೂ ‘ಎಲ್ಲಿ’ ಅಂದುಕೊಳ್ತಾರೆ, ಅದು ‘ಯಾಕೆ’. ಶೇಕ್ಸ್‌ಪಿಯರ್‌ನ ‘ಪ್ರೆಸೆಂಟ್ಲಿ’ ಅಂದರೆ ‘ಕೂಡಲೇ’. ಗೊತ್ತಿಲ್ಲದ ಪದ ಕಂಡರೆ ಮಕ್ಕಳು ಕೇಳ್ತಾರೆ. ಗೊತ್ತಿದೆ ಅಂದುಕೊಂಡ ಪದವನ್ನು ಯಾಕೆ ಕೇಳ್ತಾರೆ?

ಮಾತ್ರೆಗಣ:
ಶೇಕ್ಸ್‌ಪಿಯರ್ ಅಂದಿರಿ, ಸುಮ್ಮನಿರಲಾರೆ. ‘ದೌ’ ಮತ್ತು ‘ಯೂ’ ವ್ಯತ್ಯಾಸ ತಿಳಿಸಲು ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳಿಗೆ ಒಂದು ಪಾಠವೇ ಬೇಕು. ಕನ್ನಡ ಬಲ್ಲ ಮಕ್ಕಳಿಗೆ ಎರಡೇ ಪದ ಸಾಕು: ನೀನು, ನೀವು.

‘ಕಿಂಗ್ ಲಿಯರ್’ ಮೊದಲ ದೃಶ್ಯದಿಂದ ಒಂದೂವರೆ ಪುಟ ತೆಗೆದು ಸರ್ವನಾಮಗಳನ್ನು ಮಾತ್ರ ದಪ್ಪಕ್ಷರ ಮಾಡಿ ಕೊಡಿ. ಲಿಯರ್ ಕಿರಿಮಗಳು ಕಾರ್ಡೀಲಿಯಾಳನ್ನು ಮೊದಲು ‘ಯೂ’ ಅಂತ ಮಾತಾಡಿಸುತ್ತಾನೆ. ಅವಳು ಹೊಗಳಲು ಒಪ್ಪದಿದ್ದಾಗ ‘ದೈ’ಗೆ (‘ನಿನ್ನ’) ಇಳಿಯುತ್ತಾನೆ. ಸಿಟ್ಟು ಸರ್ವನಾಮದಲ್ಲಿದೆ. ಅದಕ್ಕಿಂತ ಮಜಾ ಕೆಂಟ್‌ನದು. ‘ಮಹಾಪ್ರಭು’ ಅಂತ ಶುರು ಮಾಡಿದ ಸರದಾರ, ನಾಲ್ಕು ಮಾತಾಗುವಷ್ಟರಲ್ಲಿ ತುಂಬಿದ ಸಭೆಯಲ್ಲಿ ರಾಜನಿಗೆ ‘ದೌ’ ಅಂದು ಮುದುಕ ಅಂತಲೂ ಅನ್ನುತ್ತಾನೆ. ‘ಏನ್ ಮಾಡಕ್ಕೆ ಹೊರಟಿದೀಯ ಮುದುಕಪ್ಪ’ ಅಂತ ಒಬ್ಬ ಹುಡುಗ ಓದಿದಾಗ ತರಗತಿ ಉಸಿರು ಹಿಡಿಯಿತು. ಕೆಂಟ್‌ಗೆ ದೇಶಭ್ರಷ್ಟ ಶಿಕ್ಷೆ ಯಾಕಾಯಿತು ಅಂತ ಆಮೇಲೆ ನಾನು ವಿವರಿಸಬೇಕಾಗಲಿಲ್ಲ.

ಹಾಂ, ಎಲ್ಲ ಕಡೆ ಅಷ್ಟು ಕಟ್ಟುನಿಟ್ಟಾಗಿ ಹೊಂದುವುದಿಲ್ಲ. ದೇವರಿಗೂ ‘ದೌ’, ಪ್ರೀತಿಗೂ ‘ದೌ’, ಬೈಗುಳಕ್ಕೂ ‘ದೌ’. ಆದರೆ ನಮ್ಮ ‘ನೀನು’ ಕೂಡ ಹಾಗೇ ಅಲ್ಲವೇ.

ಛಂದಸ್ಸಿಗೂ ಇದೇ ದಾರಿ. ಐಯಾಂಬಿಕ್ ಪೆಂಟಾಮೀಟರ್ ಅಂದರೆ ಲಘು ಗುರು, ಲಘು ಗುರು, ಐದು ಸಲ. ಪ್ರಸ್ತಾರ ಹಾಕಿಸಿ, ಮುಗೀತು.

ಮೊಳೆ ಸುತ್ತಿಗೆ:
ಸರ್ವನಾಮದ್ದು ನಾಳೆಯೇ ಕದಿಯುತ್ತೇನೆ. ಲಘು ಗುರು ಮಾತ್ರ ಬೇಡ, ದಯವಿಟ್ಟು. ನಾನು ಮಾಡಿ ಕೈ ಸುಟ್ಟುಕೊಂಡಿದ್ದೇನೆ. ನಮ್ಮದು ಕಾಲದ ಅಳತೆ, ಇಂಗ್ಲಿಷಿನದು ಒತ್ತಿನ ಅಳತೆ. ‘ಪ್ರೆಸೆಂಟ್’ ಪದ ತೆಗೆದುಕೊಳ್ಳಿ. ನಮ್ಮ ಲೆಕ್ಕದಲ್ಲಿ ‘ಪ್ರೆ’ ಲಘು, ‘ಸೆಂಟ್’ ಗುರು, ಪ್ರಶ್ನೆಯೇ ಇಲ್ಲ. ಆದರೆ ಉಡುಗೊರೆ ಅನ್ನುವ ಅರ್ಥದಲ್ಲಿ ಒತ್ತು ಮೊದಲ ಭಾಗಕ್ಕೆ, ಒಪ್ಪಿಸು ಅನ್ನುವ ಕ್ರಿಯಾಪದವಾದರೆ ಎರಡನೆಯದಕ್ಕೆ. ನಿಮ್ಮ ಪ್ರಸ್ತಾರದಲ್ಲಿ ಎರಡೂ ಒಂದೇ. ನನ್ನ ಮಕ್ಕಳು ಅಚ್ಚುಕಟ್ಟಾಗಿ ಪ್ರಸ್ತಾರ ಹಾಕಿ ಇಡೀ ಸಾನೆಟ್ಟನ್ನು ತಪ್ಪಾಗಿ ಗುರುತಿಸಿಕೊಟ್ಟರು. ಈಗ ಮೇಜು ಕುಟ್ಟಿಸುತ್ತೇನೆ. ಗಲಾಟೆಯಾಗುತ್ತೆ, ಕಿವಿಗೆ ಹತ್ತುತ್ತೆ.

ಮಾತ್ರೆಗಣ:
ಒಪ್ಪಿದೆ. ‘ಪ್ರೆಸೆಂಟ್’ ಹೊಳೆದಿರಲಿಲ್ಲ. ಹೆಸರು ಬದಲಾಯಿಸಿಕೊಳ್ಳಬೇಕೇನೋ.

ಹಳೇಪ್ರತಿ:
ಸಾಮಗ್ರಿ ಮಾಡುವ ಮೊದಲು ಯಾವ ಆವೃತ್ತಿ ಅಂತ ನೋಡಿಕೊಳ್ಳಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ.

‘ಫ್ರಾಂಕೆನ್‌ಸ್ಟೈನ್’ ಕಾದಂಬರಿ ಪಾಠ ಮಾಡುವಾಗ ಅರ್ಧ ಜನ ಪುಸ್ತಕ ಕೊಂಡಿದ್ದರು, ಅರ್ಧ ಜನ ಅಂತರ್ಜಾಲದಿಂದ ಇಳಿಸಿಕೊಂಡಿದ್ದರು. ನನ್ನ ಹಾಳೆಯಲ್ಲಿ ‘ಅಧ್ಯಾಯ 5, ಜೀವ ಬರುವ ರಾತ್ರಿ’ ಅಂತಿತ್ತು. ಅರ್ಧ ತರಗತಿಗೆ ಆ ರಾತ್ರಿ ನಾಲ್ಕನೇ ಅಧ್ಯಾಯದಲ್ಲೇ ಮುಗಿದಿತ್ತು. ಅಷ್ಟರಲ್ಲಿ ಇಬ್ಬರು ಹುಡುಗಿಯರು ಜಗಳಕ್ಕೆ ನಿಂತರು. ಎಲಿಜಬೆತ್ ಕಥಾನಾಯಕ ವಿಕ್ಟರ್‌ನ ಸೋದರ ಸಂಬಂಧಿ ಅಂತ ಒಬ್ಬಳು, ಅಲ್ಲ, ಸಾಕಿಕೊಂಡ ಅನಾಥೆ ಅಂತ ಇನ್ನೊಬ್ಬಳು. ಇಬ್ಬರೂ ಪುಟ ತೋರಿಸಿದರು. ನಾನು ಬೆವತೆ.

ಇಬ್ಬರದೂ ಸರಿ. 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಮೂರು ಸಂಪುಟವಾಗಿ ಬಂದದ್ದು ಒಂದು, ಮೇರಿ ಶೆಲ್ಲಿ ತಿದ್ದಿ 1831ರಲ್ಲಿ ತಂದದ್ದು ಇನ್ನೊಂದು. ಮೊದಲನೆಯದರಲ್ಲಿ ಸಂಬಂಧಿ, ಎರಡನೆಯದರಲ್ಲಿ ಅನಾಥೆ. ಈಗ ಆ ಎರಡು ತುಣುಕನ್ನೂ ಪಕ್ಕಪಕ್ಕ ಇಟ್ಟು ನಾನೇ ಬೇಕಂತ ಜಗಳ ಹಚ್ಚುತ್ತೇನೆ. ಲೇಖಕಿ ತನ್ನ ಪುಸ್ತಕವನ್ನೇ ಯಾಕೆ ತಿದ್ದಿದಳು ಅನ್ನುವಷ್ಟು ಒಳ್ಳೆಯ ಪ್ರಶ್ನೆ ನಾನು ಕೂತು ಯೋಚಿಸಿದರೂ ಹುಟ್ಟುತ್ತಿರಲಿಲ್ಲ.

ನೀಲಿಶಾಯಿಯವರೇ, ನಿಮ್ಮ ಕಾದಂಬರಿಯಲ್ಲೂ ಇಂಥದ್ದಿದೆ. ಡಿಕನ್ಸ್ ಮೊದಲು ಬರೆದ ಮುಕ್ತಾಯವೇ ಬೇರೆ. ಕಥಾನಾಯಕ ಪಿಪ್ ಲಂಡನ್ನಿನ ಬೀದಿಯಲ್ಲಿ ತಾನು ಪ್ರೀತಿಸಿದ ಎಸ್ಟೆಲಾಳನ್ನು ಒಂದು ಗಳಿಗೆ ಕಂಡು ಬೀಳ್ಕೊಡುತ್ತಾನೆ, ಅವಳಿಗೆ ಮರುಮದುವೆ ಆಗಿರುತ್ತದೆ. ಬುಲ್ವರ್ ಲಿಟನ್ ಅನ್ನುವ ಸ್ನೇಹಿತ ಕಾದಂಬರಿಕಾರನ ಮಾತು ಕೇಳಿ ಅದನ್ನು ಬದಲಿಸಿದ. ಹಳೆಯದು ಡಿಕನ್ಸ್ ತೀರಿಕೊಂಡ ಮೇಲೆ ಅವನ ಸ್ನೇಹಿತ ಫಾರ್ಸ್ಟರ್ ಬರೆದ ಜೀವನಚರಿತ್ರೆಯಲ್ಲಿ ಹೊರಬಂತು. ಎರಡನ್ನೂ ಒಂದು ಹಾಳೆಯಲ್ಲಿ ‘ಅ’, ‘ಆ’ ಅಂತ ಹಾಕಿ, ಅಚ್ಚಾದದ್ದು ಯಾವುದು ಅಂತ ಹೇಳಬೇಡಿ. 62 ಸ್ಲೈಡಿನ ಕೆಲಸ ಆ ಹಾಳೆ ಮಾಡುತ್ತದೆ.

ಕಾಪಿರೈಟ್ ಬಗ್ಗೆಯೂ ಒಂದು ಮಾತು. ಲೇಖಕರು ಸತ್ತ ಮೇಲೆ ಇಂತಿಷ್ಟು ವರ್ಷಕ್ಕೆ ಕೃತಿ ಎಲ್ಲರದ್ದಾಗುತ್ತದೆ, ಕೆಲವು ದೇಶಗಳಲ್ಲಿ 50, ಕೆಲವು ಕಡೆ 60, ಹಲವು ಕಡೆ 70. ಆದರೆ ಹಳೆಯ ಕೃತಿಗೆ ಈಗಿನವರು ಬರೆದ ಮುನ್ನುಡಿ, ಅಡಿಟಿಪ್ಪಣಿ ಅವರವರದ್ದೇ. ಪಠ್ಯ ಮಾತ್ರ ತೆಗೆದುಕೊಳ್ಳಿ, ಟಿಪ್ಪಣಿ ಸಮೇತ ಝೆರಾಕ್ಸ್ ಮಾಡಿ ಹಂಚಬೇಡಿ.

ಕೊನೆಬೆಂಚು:
ನಾನು ಟೀಚರ್ ಅಲ್ಲ, ಹೋದ ವರ್ಷದವರೆಗೂ ಸ್ಟೂಡೆಂಟ್. ಬೈಕೋಬೇಡಿ, ಒಂದು ವಿಷಯ ಹೇಳ್ತೀನಿ. ಸ್ಲೈಡ್ ಬಂದ ತಕ್ಷಣ ನಾವು ಫೋನಲ್ಲಿ ಫೋಟೋ ತೆಗೀತಿದ್ವಿ. ಫೋಟೋ ತೆಗೆದ್ರೆ ಓದಿದ ಹಾಗೇ ಅನ್ಸುತ್ತೆ, ಆಮೇಲೆ ಆ ಫೋಟೋ ಯಾರೂ ತೆಗೆದು ನೋಡಲ್ಲ. ಒಬ್ಬ ಮೇಡಂ ಮಾತ್ರ ಒಂದು ಕವಿತೆನ ತುಂಡು ಮಾಡಿ ಕವರಲ್ಲಿ ಹಾಕಿ ಕೊಟ್ಟಿದ್ರು, ಸಾಲು ಜೋಡಿಸಿ ಅಂತ. ಆ ಕವಿತೆ ಇನ್ನೂ ಬಾಯಿಗೆ ಬರುತ್ತೆ.

ಅಂಚುಪಟ್ಟಿ:
ಕೊನೆಬೆಂಚಿನ ಸಾಕ್ಷಿಯನ್ನು ಕಡತಕ್ಕೆ ಸೇರಿಸಿಕೊಳ್ಳಲಾಗಿದೆ.

ಗೀಟುಹಾಳೆ:
ತಡವಾಗಿ ಬರುತ್ತಿದ್ದೇನೆ. ಈಗ ಎಐಗೆ ಹೇಳಿದರೆ ಎರಡು ನಿಮಿಷದಲ್ಲಿ ವರ್ಕ್‌ಶೀಟ್ ಮಾಡಿಕೊಡುತ್ತದಲ್ಲ, ಇಷ್ಟೆಲ್ಲ ಯಾಕೆ ಒದ್ದಾಡಬೇಕು?

ಹಳೇಪ್ರತಿ:
ಮಾಡಿಸಿ ನೋಡಿದ್ದೇನೆ. ಹತ್ತು ಉದ್ಧರಣೆಯಲ್ಲಿ ಒಂದು ಕಾದಂಬರಿಯಲ್ಲೇ ಇರಲಿಲ್ಲ. ಲೇಖಕರೇ ಬರೆದಿರಬಹುದು ಅನ್ನುವಂತಿತ್ತು, ಬರೆದಿರಲಿಲ್ಲ ಅಷ್ಟೆ. ಇಡೀ ಸಂಜೆ ಹುಡುಕಿದೆ. ಪ್ರಶ್ನೆಗಳ ಕರಡಿಗೆ, ಅಕ್ಷರ ದೊಡ್ಡದು ಮಾಡಿ ಇನ್ನೊಂದು ಪ್ರತಿ ಮಾಡುವುದಕ್ಕೆ ಬಳಸುತ್ತೇನೆ (ಕಣ್ಣು ಮಂದ ಇರುವ ಒಬ್ಬ ವಿದ್ಯಾರ್ಥಿ ಇದ್ದಾನೆ). ಉದ್ಧರಣೆಯನ್ನು ಮಾತ್ರ ಪುಸ್ತಕ ತೆರೆದು ನಾನೇ ಹಾಕುತ್ತೇನೆ.

ಕೊನೆಯ ಘಂಟೆ:
ಎಲ್ಲರೂ ಓದಿಸೋದರ ಬಗ್ಗೆಯೇ ಹೇಳ್ತಿದ್ದೀರಿ. ಬರೆಸೋದು? ಪರೀಕ್ಷೆಯಲ್ಲಿ ಅಂಚಿಗೆ ಅಂಕ ಕೊಡಲ್ಲ, ಪ್ರಬಂಧಕ್ಕೆ ಕೊಡ್ತಾರೆ. ನನಗೆ ಫಲ ಕೊಟ್ಟದ್ದು ಹೇಳ್ತೀನಿ. ಮೊದಲು ಒಂದು ಮಾದರಿ ಉತ್ತರ ಕೊಡ್ತಿದ್ದೆ, ನೀಲಿಶಾಯಿಯವರಿಗೆ ಆದದ್ದೇ ನನಗೂ ಆಯ್ತು, ಬಾಯಿಪಾಠ. ಈಗ ಎರಡು ಸಾಧಾರಣ ಉತ್ತರ ನಾನೇ ಬರೆದು ಕೊಡ್ತೀನಿ. ಒಂದರಲ್ಲಿ ಉದ್ಧರಣೆ ತುಂಬಿ ತುಳುಕುತ್ತೆ, ವಿವರಣೆ ಇಲ್ಲ. ಇನ್ನೊಂದರಲ್ಲಿ ಅಭಿಪ್ರಾಯ ಭರ್ಜರಿ, ಆಧಾರ ಇಲ್ಲ. ಎರಡಕ್ಕೂ ಅಂಕ ಹಾಕಿ ಅಂತ ಕೆಂಪು ಪೆನ್ನು ಕೊಡ್ತೀನಿ. ನನಗಿಂತ ಜಿಪುಣರು ಅವರು! ಇಪ್ಪತ್ತಕ್ಕೆ ಆರು ಕೊಟ್ಟು, ಯಾಕೆ ಆರು ಅಂತ ಬರೆಯೋವಾಗ ಒಳ್ಳೆ ಉತ್ತರದಲ್ಲಿ ಏನಿರಬೇಕು ಅಂತ ಅವರೇ ಹೇಳಿಬಿಡ್ತಾರೆ. ಆ ವಾಕ್ಯಗಳನ್ನೇ ಬೋರ್ಡಿಗೆ ಬರೀತೀನಿ. ಇಂಗ್ಲಿಷ್ ಎಷ್ಟೇ ಕಷ್ಟ ಇದ್ದರೂ ಬೇರೆಯವರ ತಪ್ಪು ಹಿಡಿಯೋಕೆ ಯಾರೂ ಹಿಂದೆ ಬೀಳಲ್ಲ.

ಅಂಚುಪಟ್ಟಿ:
ಇದು ಚಿನ್ನದಂಥ ಮಾತು ಮೇಡಂ. ಸಾರಾಂಶದ ವಿಷಯದಲ್ಲಿ ನಿಮ್ಮ ಜೊತೆ ಜಗಳ ಮುಂದುವರಿಸುತ್ತೇನೆ, ಇದನ್ನು ಮಾತ್ರ ಕೈಮುಗಿದು ತೆಗೆದುಕೊಳ್ಳುತ್ತೇನೆ.

ಗೀಟುಹಾಳೆ:
ಕವಿತೆ ಟೈಪ್ ಮಾಡುವವರಿಗೆ ಒಂದು ಎಚ್ಚರಿಕೆ. ವರ್ಡ್ ತಾನಾಗಿ ತಿದ್ದುವುದನ್ನು ಮೊದಲು ನಿಲ್ಲಿಸಿ. ಹಳೆಯ ಕಾಗುಣಿತವನ್ನೆಲ್ಲ ಹೊಸದು ಮಾಡಿಬಿಡುತ್ತದೆ, ಅಕ್ಷರಲೋಪದ ಚಿಹ್ನೆಯಿದ್ದ ಪದ ಒಂದು ಉಚ್ಚಾರಾಂಶ ಬೆಳೆದು ಸಾಲಿನ ಲಯ ಕುಂಟುತ್ತದೆ. ಮೇಜು ಕುಟ್ಟಿಸುವವರಿಗೆ ಮುಖ್ಯ.

ನೀಲಿಶಾಯಿ:
ಮೂರು ವಾರದ ಮೇಲೆ ಬರುತ್ತಿದ್ದೇನೆ. ಎಲ್ಲರಿಗೂ ಉತ್ತರಿಸಲಾಗಲಿಲ್ಲ, ಎಲ್ಲವನ್ನೂ ಓದಿದೆ. (ಮೇಡಂ ಸರಿ, ಸರ್ ಅಲ್ಲ.)

ಅಂಚುಪಟ್ಟಿಯವರ ‘ಲಂಡನ್’ ಹಾಳೆ ಮಾಡಿದೆ. ಮೊದಲ ದಿನ ನೆಲಕಚ್ಚಿತು. ಖಾಲಿ ಜಾಗ ನೋಡಿ ಎಲ್ಲರೂ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು, ಉತ್ತರ ಯಾವಾಗ ಕೊಡುತ್ತೀರಿ ಅನ್ನುವ ಹಾಗೆ. ಐದು ತಿಂಗಳು ಉತ್ತರ ಕೊಟ್ಟು ರೂಢಿ ಮಾಡಿಸಿದವಳು ನಾನೇ. ಎರಡನೇ ದಿನ ಮೊಳೆ ಸುತ್ತಿಗೆಯವರ ಮಾತಿನಂತೆ ಕವಿತೆಯಲ್ಲಿ ಏನಿದೆ ಅಂತ ಕನ್ನಡದಲ್ಲಿ ನಾಲ್ಕು ಸಾಲು ಮೊದಲೇ ಹೇಳಿದೆ: ಒಬ್ಬ ಬೀದಿಯಲ್ಲಿ ನಡೆಯುತ್ತಿದ್ದಾನೆ, ಮುಖಗಳನ್ನು ನೋಡುತ್ತಾನೆ, ಕೂಗುಗಳನ್ನು ಕೇಳುತ್ತಾನೆ, ಇಷ್ಟೇ. ಆಮೇಲೆ ಪೆನ್ನು ಓಡಿತು. ‘ಡರ್ಟಿ’ ಬರೆದವರು ಮೂವರು. ‘ಎವ್ರಿ’ ಅನ್ನುವ ಪದ ಏಳು ಸಲ ಬಂದಿದೆ ಅಂತ ಒಬ್ಬಳು ಎಣಿಸಿಕೊಟ್ಟಳು, ಎರಡನೇ ಚರಣವೊಂದರಲ್ಲೇ ಐದು. ನಾನು ಎಂದೂ ಎಣಿಸಿರಲಿಲ್ಲ.

ಹೇಳಬೇಕೆಂದು ಬಂದದ್ದು ಇನ್ನೊಂದು. ತರಗತಿಯಲ್ಲಿ ಬಾಯೇ ಬಿಡದ ಒಬ್ಬ ಹುಡುಗನಿದ್ದಾನೆ, ಸದಾ ಗೀಚುತ್ತಿರುತ್ತಾನೆ. ಅವತ್ತು ಸಾಲಿನ ಮೊದಲಕ್ಷರಗಳಿಗೆ ಒಂದೊಂದಾಗಿ ಡೊಂಕು ಬಾಲ ಬರೆಯುತ್ತಿದ್ದ. ಬೈಯೋಣ ಅಂತ ಹತ್ತಿರ ಹೋದೆ. ಮೂರನೇ ಚರಣಕ್ಕೆ ಬಂದು ನಿಲ್ಲಿಸಿದ್ದ. ‘ಮಿಸ್, ಇದು ಬೇಕಂತ ಮಾಡಿದ್ದಾ?’ ಅಂದ. ನಾಲ್ಕು ಸಾಲಿನ ಮೊದಲಕ್ಷರ ಮೇಲಿನಿಂದ ಕೆಳಗೆ ಎಚ್, ಇ, ಎ, ಆರ್. ‘ಹಿಯರ್.’ ಎರಡನೇ ಚರಣ ‘ಐ ಹಿಯರ್’ ಅಂತಲೇ ಮುಗಿಯುತ್ತದೆ, ಅದರ ಕೆಳಗೇ ಇದು.

ಈ ಕವಿತೆ ನಾನು ಆರು ಸಲ ಪಾಠ ಮಾಡಿದ್ದೇನೆ. ಮನೆಗೆ ಬಂದು ಹಳೇ ಸ್ಲೈಡು ತೆಗೆದು ನೋಡಿದೆ. ಬಾಣಗಳಿಗೆ ಜಾಗ ಸಾಲದು ಅಂತ ಆ ಚರಣದ ನಾಲ್ಕು ಸಾಲನ್ನು ಕೂಡಿಸಿ ಎರಡು ಸಾಲು ಮಾಡಿದ್ದೆ.